ಚಿತ್ತವಾಡ್ಗಿಯಿಂದ ಐಸ್ ಹಾಕಿಗೆ ಒಂದು ಆಕ್ಷೇಪಣೆ

ಚಿತ್ತವಾಡ್ಗಿಯ ಹುಣಸೇಮರದ ಓಣಿಯಲ್ಲಿ ಉಜ್ಜಿನಪ್ಪನಷ್ಟು ಆಕ್ಷೇಪಣೆ ಸಲ್ಲಿಸಿದ ಮನುಷ್ಯ ಹಿಂದೆ ಹುಟ್ಟಿರಲಿಲ್ಲ. ಮುಂದೆ ಯಾರಾದರೂ ಹುಟ್ಟಿದರೆ ಅದಕ್ಕೂ ಅವನು ಆಕ್ಷೇಪಣೆ ಸಲ್ಲಿಸುವವನೇ.

ಹೊಸಪೇಟೆಯಲ್ಲಿ ಕಚೇರಿಗಳ ಎದುರು ಅವನದೊಂದು ಜೆರಾಕ್ಸ್ ಅಂಗಡಿ. ‘ಜೆರಾಕ್ಸ್, ಲ್ಯಾಮಿನೇಷನ್, ಎಲ್ಲಾ ತರಹದ ಅರ್ಜಿ’ ಎಂದು ಬೋರ್ಡು. ಪೇಪರಿನ ಯಾವ ಮೂಲೆಯಲ್ಲಾದರೂ ‘ಆಕ್ಷೇಪಣೆಗಳಿದ್ದಲ್ಲಿ ಲಿಖಿತವಾಗಿ ಸಲ್ಲಿಸಬಹುದು’ ಎಂಬ ಸಾಲು ಕಂಡರೆ ಸಾಕು, ಅವನ ಬಲಗೈ ತುರಿಸತೊಡಗುತ್ತಿತ್ತು. ರೈಲಿನ ವೇಳೆ ಹತ್ತು ನಿಮಿಷ ಬದಲಾದಾಗ, ಹಳೆಯ ವೇಳೆ ತನಗೆ ಬಾಯಿಪಾಠವಾಗಿದೆಯೆಂದು ಆಕ್ಷೇಪಿಸಿದ್ದ. ಕಂಪ್ಲಿಯ ಯಾರೋ ಗುರುತಿಲ್ಲದ ಗೃಹಸ್ಥರು ತಮ್ಮ ಹೆಸರು ಬದಲಿಸಿಕೊಳ್ಳುತ್ತೇವೆಂದು ಪ್ರಕಟಣೆ ಕೊಟ್ಟಾಗ, ಹಳೆಯ ಹೆಸರೇ ಚೆನ್ನಾಗಿತ್ತೆಂದು ಎರಡು ಪುಟ ಬರೆದಿದ್ದ.

ಇಂಥ ದೊಡ್ಡ ಕೆಲಸಕ್ಕೆ ಅವನದೇ ಎರಡು ಪದ್ಧತಿಗಳಿದ್ದವು. ಮೊದಲನೆಯದು, ಖಾಲಿ ಹಾಳೆಯ ಮೇಲೆ ಓಣಿಯವರ ಸಹಿ ಹಾಕಿಸಿಕೊಳ್ಳುವುದು. ವಿಷಯ ಓದಿ ಹೇಳಿದರೆ ಒಬ್ಬೊಬ್ಬರು ಒಂದೊಂದು ತಿದ್ದುಪಡಿ ಹೇಳುತ್ತಾರೆ, ಅರ್ಜಿ ಮುಗಿಯುವಷ್ಟರಲ್ಲಿ ಮೊಮ್ಮಕ್ಕಳ ಕಾಲ ಬರುತ್ತದೆ. ಆದ್ದರಿಂದ ಮೊದಲು ಸಹಿ, ಆಮೇಲೆ ವಿಷಯ. ಎರಡನೆಯದು ಸ್ವಲ್ಪ ಭಕ್ತಿಯದು. ಅರ್ಜಿಯ ನಾಲ್ಕು ಮೂಲೆಗೆ ಕುಂಕುಮ ಹಚ್ಚಿ, ಹುಲಿಗೆಮ್ಮನ ಫೋಟೋ ಮುಂದಿಟ್ಟು, ಕಣ್ಣು ಮುಚ್ಚಿಕೊಂಡೇ ಅದನ್ನು ಕವರಿಗೆ ಹಾಕಬೇಕು. ಕಣ್ಣು ಬಿಟ್ಟು ಹಾಕಿದರೆ ಬರೆದವನ ದೃಷ್ಟಿಯೇ ಅರ್ಜಿಗೆ ತಾಗುತ್ತದೆಂದು ಅವನ ನಂಬಿಕೆ. ತಾನು ಬರೆದದ್ದು ಅಷ್ಟು ಚಂದ ಇರುತ್ತದೆಂದು ಇದರ ಅರ್ಥ.

ಆ ವರ್ಷ ಬೇಸಿಗೆಯಲ್ಲಿ ಓಣಿಯ ಬೋರಿನ ಮೋಟರ್ ಸುಟ್ಟುಹೋಯಿತು. ನಲ್ಲಿಯಿಂದ ಮೊದಲ ದಿನ ಬಿಸಿ ಗಾಳಿ ಬಂತು, ಎರಡನೆಯ ದಿನ ಒಂದು ಹಲ್ಲಿ ಬಂತು, ಮೂರನೆಯ ದಿನದಿಂದ ಅದೂ ಇಲ್ಲ. ಹೆಂಗಸರು ಪಕ್ಕದ ಓಣಿಗೆ ಕೊಡ ಹೊತ್ತರು. ಆರನೆಯ ದಿನ ಬೆಳಿಗ್ಗೆ ನಿಂಗಕ್ಕ ಉಜ್ಜಿನಪ್ಪನ ಬಾಗಿಲಿಗೆ ಬಂದಳು. ನಿಂಗಕ್ಕ ಎಂದರೆ ನಲ್ಲಿಯ ಹಿರಿಯಳು. ಅವಳು ಕೊಡ ಇಟ್ಟಲ್ಲಿಂದ ಸಾಲು ಶುರು.

“ಉಜ್ಜಿನಪ್ಪ, ಊರಿನ ಉಸಾಬರಿಗೆಲ್ಲ ಬರೀತೀದಿ. ನಮ್ಮ ಮೋಟರಿಗೆ ಯಾವಾಗಪ್ಪ ಬರಿಯಾದು?”

“ಇವತ್ತೇ ಬರೀತೀನಕ್ಕ. ನೂರಾ ಹನ್ನೆರಡು ಸಹಿ ಆಗ್ಯಾವ. ಅದ್ರಾಗ ಮೂವತ್ತೇಳು ಹೆಬ್ಬೆಟ್ಟು. ಹೆಬ್ಬೆಟ್ಟು ನೋಡಿದ್ರ ಸಾಹೇಬ್ರಿಗೆ ಅಂಜಿಕಿ ಜಾಸ್ತಿ.”

“ಈ ಸಲ ನೀರು ಬರ್ಲಿಲ್ಲಂದ್ರ, ನಿನ್ನ ಅಂಗಡಿ ಮ್ಯಾಲ ನಾವೇ ಒಂದು ಆಕ್ಷೇಪಣೆ ಹಾಕ್ತೀವಿ ನೋಡು.”

ಒಳಗಿನಿಂದ ಹೆಂಡತಿ ಅನ್ನಪೂರ್ಣ ದನಿಗೂಡಿಸಿದಳು: “ಮೊದಲನೇ ಸಹಿ ನಂದ ಇರ್ತದಕ್ಕ. ನೀರು ಬರೋತನಕ ಇವ್ರಿಗೆ ಚಾ ಇಲ್ಲ.”

ಚಹಾ ಇಲ್ಲದ ಉಜ್ಜಿನಪ್ಪ ಅಂಗಡಿಗೆ ಬಂದು ಮೋಟರಿನ ಅರ್ಜಿಯನ್ನು ಒಂದೇ ಉಸಿರಿಗೆ ಬರೆದು ಮುಗಿಸಿದ. ಅದು ಅವತ್ತೇ ಕಚೇರಿ ಮುಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಅವನ ಅಕ್ಕನ ಮಗ ಹುಲಿಗೇಶ್ ಅಂಗಡಿಯ ಮುಂದೆ ಆಟೋ ನಿಲ್ಲಿಸಿದ. ಹಂಪಿಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಹುಡುಗ, ಇಂಗ್ಲಿಷ್ ಅವನಿಗೆ ಗೇರು ಬದಲಿಸಿದಷ್ಟೇ ಸಲೀಸು. ಹಿಂದಿನ ಸೀಟಿನಿಂದ ಆರಡಿ ಮೇಲೆ ಮೂರು ಬೆರಳು ಎತ್ತರದ, ಬಿಸಿಲಿಗೆ ಟೊಮೆಟೊ ಬಣ್ಣವಾಗಿದ್ದ ಪರದೇಶಿಯೊಬ್ಬ ಮಡಚಿಕೊಂಡು ಇಳಿದ.

“ಮಾವ, ಇವ್ರು ಮಿಕ್ಕೊ ಸರ್ ಅಂತ. ಐಸ್ ಹಾಕಿ ರೂಲ್ಸ್ ಮಾಡೋ ಕಮಿಟ್ಯಾಗ ಅದಾರ. ರಜಾಕ್ಕಂತ ಹಂಪಿಗೆ ಬಂದ್ರ ಅಲ್ಲಿಗೂ ಕಾಗದ ಕಳ್ಸಾಕತ್ಯಾರ. ಪ್ರಿಂಟ್ ತಗದು ಸಹಿ ಹಾಕಬೇಕಂತ.”

“ಐಸಿನ ಮ್ಯಾಲ ಹಾಕಿನಾ?”

“ಹೂಂ ಮಾವ. ಬೂಟಿಗೆ ಕತ್ತಿ ಕಟ್ಕಂಡು ಜಾರ್ತಾರಂತ.”

“ಬೀಳಂಗಿಲ್ಲೇನು?”

“ಬೀಳ್ತಾರ. ಬೀಳಿಸ್ತಾರ. ಬೀಳಿಸಿದವ್ನ ಎರಡು ನಿಮಿಷ ಹೊರಗ ಕೂಡಸ್ತಾರ.”

ಮೊದಲ ಪ್ರತಿ ಸೊಟ್ಟಗೆ ಬಂತು. ಎರಡನೆಯ ಪ್ರತಿಗೆ ಮಿಕ್ಕೊ ಸಹಿ ಹಾಕಿ, ಅಂಗಡಿಯಲ್ಲೇ ಸ್ಕ್ಯಾನ್ ಮಾಡಿ ಕಳಿಸಿ, ಎದುರಿನ ಕಬ್ಬಿನ ಹಾಲಿನ ಗಾಡಿಗೆ ನಡೆದ. ಸೊಟ್ಟ ಪ್ರತಿ ಉಜ್ಜಿನಪ್ಪನ ಮುಂದೆ ಉಳಿಯಿತು. ಕಡೆಯ ಪುಟದ ಕಡೆಯ ಸಾಲನ್ನು ಅವನು ಬೆರಳಿಟ್ಟು ಓದಿದ. ಓದಿದವನ ಬಲಗೈ ತುರಿಸಿತು.

“ಹುಲಿಗೇಶಿ! ‘ಪ್ರಸ್ತಾವಿತ ನಿಯಮ ಬದಲಾವಣೆಗಳ ಬಗ್ಗೆ ಅಭಿಪ್ರಾಯಗಳನ್ನು ಮುಂದಿನ ತಿಂಗಳ ಕೊನೆಯೊಳಗೆ ಲಿಖಿತವಾಗಿ ಕಳಿಸಬಹುದು’ ಅಂತ ಅಲ್ಲೇನು ಇದು?”

“ಅದು ನಮಗಲ್ಲ ಮಾವ.”

“ನಮಗಲ್ಲ ಅಂತ ಎಲ್ಲೈತಿ ತೋರ್ಸು?”

ಹುಲಿಗೇಶ್ ಹಾಳೆ ತಿರುವಿ ನೋಡಿದ. ಹಾಗೆಂದು ಎಲ್ಲಿಯೂ ಬರೆದಿರಲಿಲ್ಲ. ಚಿತ್ತವಾಡ್ಗಿಯವರು ಬರೆಯತಕ್ಕದ್ದಲ್ಲ ಎಂದು ಒಂದು ಸಾಲು ಸೇರಿಸಲು ಆ ಕಮಿಟಿಗೆ ತೋಚಿರಲಿಲ್ಲ.

“ಏನೇನು ಬದ್ಲಿ ಮಾಡ್ತಾರಂತ?”

“ಒಂದು, ಗೋಲ್‌ಕೀಪರ್ ಕಾಲಿಗೆ ಕಟ್ಟೋ ಮೆತ್ತಿ ಸಣ್ಣದು ಮಾಡ್ತಾರಂತ. ಇನ್ನೊಂದು, ಹೊರಗ ಕೂಡ್ಸೋದು. ಈಗೇನೈತಿ, ತಪ್ಪು ಮಾಡಿದವ ಎರಡು ನಿಮಿಷ ಹೊರಗ. ಅಷ್ಟರಾಗ ಎದುರಿನವ್ರು ಗೋಲ್ ಹೊಡದ್ರ, ಇವ ಎದ್ದು ಒಳಗ ಬರಬಹುದು. ಹೊಸ ರೂಲಿನ್ಯಾಗ ಗೋಲ್ ಆದ್ರೂ ಬರಂಗಿಲ್ಲ. ಪೂರಾ ಕುಂದ್ರಬೇಕು.”

ಉಜ್ಜಿನಪ್ಪ ಸ್ಟೂಲಿನಿಂದ ಎದ್ದು ನಿಂತ. “ಏನ್ ಅನ್ಯಾಯ ಲೇ ಇದು! ಗೋಲೂ ಹೋತು, ಮನುಷ್ಯಾನೂ ಹೊರಗ! ಒಂದು ತಪ್ಪಿಗೆ ಎರಡು ಶಿಕ್ಷೆ! ಕೇಳಾವ್ರು ಯಾರೂ ಇಲ್ಲೇನು?”

“ಕೇಳಾಕ ಐಸ್ ಇರೋ ಊರಿನವ್ರು ಅದಾರ ಮಾವ.”

“ಅವ್ರಿಗೆ ಛಳಿ. ಕೈ ಹೊರಗ ತಗ್ಯಂಗಿಲ್ಲ, ಹೆಂಗ ಬರೀತಾರ?”

ಅಂದು ಮಧ್ಯಾಹ್ನವೇ ‘ಮಾನ್ಯರೇ, ವಿಷಯ: ಐಸ್ ಹಾಕಿ ನಿಯಮ ಬದಲಾವಣೆಗೆ ಸಾರ್ವಜನಿಕ ಆಕ್ಷೇಪಣೆ’ ತಯಾರಾಯಿತು. ಭಾಷೆ ಕನ್ನಡವೇ. ಆಕ್ಷೇಪಣೆಯನ್ನು ತಿಳಿದುಕೊಳ್ಳುವುದು ಅವರ ಜವಾಬ್ದಾರಿ ಎಂಬುದು ಉಜ್ಜಿನಪ್ಪನ ನಿಲುವು. ಆದರೆ ಒಬ್ಬನೇ ಬರೆದರೆ ತೂಕವಿಲ್ಲ. ಕಣ್ಣು ಮೋಟರಿನ ಸಹಿಗಳ ಮೇಲೆ ಹೋಯಿತು. ಖಾಲಿ ಹಾಳೆಯ ಸಹಿ, ಅದಕ್ಕೆ ಮೋಟರೇನು, ಐಸೇನು? ಅಂಗಡಿಯಲ್ಲಿ ಜೆರಾಕ್ಸ್ ಮಷಿನ್ ಬೇರೆ ಇತ್ತು. ನೂರಾ ಹನ್ನೆರಡು ಸಹಿಗಳು ಎರಡು ನಿಮಿಷದಲ್ಲಿ ಇನ್ನೂರಾ ಇಪ್ಪತ್ನಾಲ್ಕಾದವು. ಒರಿಜಿನಲ್ ಒಂದಕ್ಕೆ, ಜೆರಾಕ್ಸ್ ಇನ್ನೊಂದಕ್ಕೆ ಪಿನ್ನು ಹೊಡೆದ. ಎರಡಕ್ಕೂ ಅಂಗಡಿಯ ಸೀಲು ಒತ್ತಿ ಕುಂಕುಮ ಹಚ್ಚಿದ, ಎರಡನ್ನೂ ಹುಲಿಗೆಮ್ಮನ ಮುಂದಿಟ್ಟ. ಆಚೆಗೊಂದು ಈಚೆಗೊಂದು, ವಿಳಾಸ ಬರೆದ ಎರಡು ಕವರು. ಕಣ್ಣು ಮುಚ್ಚಿದ, ಹಾಕಿದ, ಅಂಟಿಸಿದ. ಒಂದು ರಿಜಿಸ್ಟರ್ ಪೋಸ್ಟಿನಲ್ಲಿ ಪರದೇಶಕ್ಕೆ ಹೋಯಿತು. ಇನ್ನೊಂದನ್ನು ಎಲ್ಲರೂ ‘ನೀರಿನ ಕಚೇರಿ’ ಎಂದು ಕರೆಯುವ ಕಟ್ಟಡದಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡು ಬಂದ.

ಮೋಟರಿನ ಅರ್ಜಿ ಐಸ್ ಹಾಕಿಗೆ ಹೋಗಿದೆ, ಐಸ್ ಹಾಕಿಯ ಅರ್ಜಿ ನೀರಿನ ಕಚೇರಿಗೆ ಹೋಗಿದೆ ಎಂಬುದು ಆ ಕ್ಷಣ ಗೊತ್ತಿದ್ದದ್ದು ಹುಲಿಗೆಮ್ಮನಿಗೆ ಮಾತ್ರ. ಕಣ್ಣು ಬಿಟ್ಟುಕೊಂಡು ಕೂತಿದ್ದವಳು ಅವಳೊಬ್ಬಳೇ.

ನೀರಿನ ಕಚೇರಿಯ ಗುಮಾಸ್ತೆ ಲಲಿತಾ ಅರ್ಜಿಯನ್ನು ಮೂರು ಸಲ ಓದಿ, ಇದು ಆಟಕ್ಕೆ ಸಂಬಂಧಿಸಿದ್ದೆಂದು ಷರಾ ಬರೆದು ಆಟದ ಕಚೇರಿಗೆ ಕಳಿಸಿದಳು. ‘ಐಸ್ ಎಂಬುದು ನೀರಿನಿಂದ ಆಗತಕ್ಕ ವಸ್ತುವಾದ್ದರಿಂದ ನಿಮ್ಮ ಹಂತದಲ್ಲೇ ಕ್ರಮ ವಹಿಸುವುದು’ ಎಂದು ಆಟದ ಕಚೇರಿ ವಾಪಸು ಕಳಿಸಿತು. ಒಬ್ಬನ ಅರ್ಜಿಯಾಗಿದ್ದರೆ ಬೀರುವಿನಡಿ ಸೇರುತ್ತಿತ್ತೇನೋ. ಇದು ನೂರಾ ಹನ್ನೆರಡು ಜನರದು, ಮೂವತ್ತೇಳು ಹೆಬ್ಬೆಟ್ಟಿನದು. ಕೊನೆಗೆ ಕಡತ ಹೊಸದಾಗಿ ಬಂದಿದ್ದ ಇಂಜಿನಿಯರ್ ಲಿಂಗರಾಜ್ ಮೇಜಿನ ಮೇಲೆ ಬಿತ್ತು. ಯಾವ ಕಡತ ಬಂದರೂ ಅವರಿಗೆ ಗೊತ್ತಿದ್ದ ಮೊದಲ ಹೆಜ್ಜೆ ಒಂದೇ: ಸ್ಥಳ ಪರಿಶೀಲನೆ.

‘ತಮ್ಮ ಅರ್ಜಿಯ ಸಂಬಂಧ ಸೋಮವಾರ ಬೆಳಿಗ್ಗೆ ಸ್ಥಳ ಪರಿಶೀಲನೆ ಇರುತ್ತದೆ. ಅರ್ಜಿದಾರರು ಹಾಜರಿರತಕ್ಕದ್ದು’ ಎಂಬ ಕಾಗದ ಬಂದಾಗ ಓಣಿಯಲ್ಲಿ ಹಬ್ಬವಾಯಿತು. ಉಜ್ಜಿನಪ್ಪ ಇಸ್ತ್ರಿ ಅಂಗಿ ಹಾಕಿಕೊಂಡ. ನೀರಿಲ್ಲದಿದ್ದರೂ ಅನ್ನಪೂರ್ಣ ಪಕ್ಕದ ಓಣಿಯಿಂದ ಒಂದು ತಂಬಿಗೆ ತಂದು ಅರ್ಧ ಲೋಟ ಚಹಾ ಮಾಡಿಕೊಟ್ಟಳು. ಪೂರ್ತಿ ಲೋಟ ಮೋಟರ್ ಬಂದಮೇಲೆ. ಸೋಮವಾರ ನಲ್ಲಿಯ ಮುಂದೆ ಖಾಲಿ ಕೊಡಗಳು ಬಣ್ಣಬಣ್ಣವಾಗಿ ಸಾಲು ನಿಂತವು, ಅವುಗಳ ಹಿಂದೆ ಓಣಿ ನಿಂತಿತು.

ಲಿಂಗರಾಜ್ ಬೈಕಿನಿಂದಿಳಿದು ಟೇಪು ಬಿಚ್ಚಿದರು. “ಮೈದಾನ ಎಲ್ಲೈತ್ರಿ?”

“ಮೈದಾನ ಯಾಕ್ರಿ ಸಾಹೇಬ್ರ?” ಎಂದಳು ನಿಂಗಕ್ಕ. “ನಮ್ಮದೆಲ್ಲ ಇಲ್ಲೇ, ನಲ್ಲಿ ಮುಂದ.”

“ಎಷ್ಟು ಮಂದಿ ಇರ್ತೀರಿ?”

“ದಿನಾ ಮೂವತ್ತು. ಹಬ್ಬಕ್ಕ ಐವತ್ತು.”

ಲಿಂಗರಾಜ್ ಬರೆದುಕೊಂಡರು. “ಬೀಳೋದು ಗೀಳೋದು ಆಗೈತೇನು?”

“ಆಗ್ದೇನ್ರಿ! ಈ ಯಮನಮ್ಮನ್ನ ನೋಡ್ರಿ. ಪಕ್ಕದ ಓಣಿ ಕಡಿಂದ ಬರೂವಾಗ ಬಿದ್ದು ಸ್ವಾಂಟ ಹಿಡಕಂಡೈತಿ.”

ಎಪ್ಪತ್ತು ವರ್ಷದ ಯಮನಮ್ಮ ಸೊಂಟ ತೋರಿಸಿದಳು. ಲಿಂಗರಾಜ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಈ ವಯಸ್ಸಿನ್ಯಾಗೂ?” ಎಂದರು. ದನಿಯಲ್ಲಿ ಗೌರವವಿತ್ತು.

“ಏನು ಮಾಡಾದ್ರಿ, ಮನ್ಯಾಗ ಬ್ಯಾರೆ ಯಾರದಾರ?”

“ಆತು. ಈಗ ಐಸ್ ತೋರ್ಸ್ರಿ.”

ಓಣಿ ಮುಖ ಮುಖ ನೋಡಿಕೊಂಡಿತು. ಸಾಹೇಬರಿಗೆ ಬಿಸಿಲು ಹತ್ತಿದೆ, ತಣ್ಣಗೆ ಏನೋ ಕೇಳುತ್ತಿದ್ದಾರೆಂದು ಎಲ್ಲರೂ ಓಣಿಯ ಬಾಯಿಗೆ ನಿಂತಿದ್ದ ಹೊನ್ನೂರುಸ್ವಾಮಿಯ ಕಬ್ಬಿನ ಹಾಲಿನ ಗಾಡಿ ತೋರಿಸಿದರು. ಲಿಂಗರಾಜ್ ಗೋಣಿಚೀಲ ಸರಿಸಿ, ಒಳಗಿನ ಐಸ್ ಗಡ್ಡೆಗೆ ಟೇಪು ಹಿಡಿದು ಅಳೆದರು. ಒಂದೂವರೆ ಅಡಿ ಉದ್ದ, ಮುಕ್ಕಾಲು ಅಡಿ ಅಗಲ.

“ಇದ್ರ ಮ್ಯಾಲ ಮೂವತ್ತು ಮಂದಿ ಹೆಂಗ್ರಿ?”

“ಯಾರೂ ಇದ್ರ ಮ್ಯಾಲ ಹತ್ತಂಗಿಲ್ಲ!” ಹೊನ್ನೂರುಸ್ವಾಮಿ ಗಾಬರಿಯಿಂದ ಗಾಡಿಗೆ ಅಡ್ಡ ನಿಂತ. “ಫ್ಯಾಕ್ಟರಿಂದ ತಂದ ಐಸ್ರಿ ಇದು, ಮಂದಿ ಕುಡಿಯಾದು!”

ಈಗ ಲಿಂಗರಾಜ್ ಕಡತ ತೆರೆದರು. ಮೂಲೆಯ ಕುಂಕುಮ ಕಂಡಿತು. ಉಜ್ಜಿನಪ್ಪ ಇಣುಕಿದ. ತನ್ನದೇ ಕೈಬರಹ, ತನ್ನದೇ ಕುಂಕುಮ. ಆದರೆ ವಿಷಯ? ಅವನು ಕಡತಕ್ಕೆ ಕೈ ಅಡ್ಡ ಹಿಡಿದ.

“ಸಾಹೇಬ್ರ, ಅದನ್ನ ಓದಬ್ಯಾಡ್ರಿ, ನನಗೆ ಬಾಯಿಪಾಠ ಐತಿ...”

“ಸ್ಥಳದಾಗ ಓದಬೇಕಂತ ನಿಯಮ ಐತ್ರಿ,” ಎಂದು ಲಿಂಗರಾಜ್ ಗಟ್ಟಿಯಾಗಿ ಓದಿದರು. “ ‘ವಿಷಯ: ಐಸ್ ಹಾಕಿ ನಿಯಮ ಬದಲಾವಣೆಗೆ ಸಾರ್ವಜನಿಕ ಆಕ್ಷೇಪಣೆ. ಮಾನ್ಯರೇ, ಕೆಳಗೆ ಸಹಿ ಮಾಡಿದ ನೂರಾ ಹನ್ನೆರಡು ಜನರಾದ ನಾವು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಗೋಲ್‌ಕೀಪರನ ಕಾಲಿನ ಮೆತ್ತೆಯನ್ನು ಸಣ್ಣದು ಮಾಡಬಾರದು. ಅವನೂ ಒಬ್ಬ ತಾಯಿಯ ಮಗ. ಎರಡನೆಯದಾಗಿ, ತಪ್ಪು ಮಾಡಿದವನನ್ನು ಎರಡು ನಿಮಿಷ ಹೊರಗೆ ಕೂಡಿಸಿದ ಮೇಲೆ, ಗೋಲ್ ಬಿದ್ದರೂ ಒಳಗೆ ಬಿಡದೆ ಪೂರ್ತಿ ಕೂಡಿಸುವ ಹೊಸ ನಿಯಮವು ಒಂದು ತಪ್ಪಿಗೆ ಎರಡು ಶಿಕ್ಷೆ ಕೊಟ್ಟಂತಾಗುತ್ತದೆ...’ ”

ಓಣಿಯಲ್ಲಿ ಒಂದು ಕೊಡ ತಾನಾಗಿ ಉರುಳಿತು.

“ಎರಡು ನಿಮಿಷಾ?” ಎಂದಳು ನಿಂಗಕ್ಕ ನಿಧಾನವಾಗಿ. “ನಾವು ಇಪ್ಪತ್ತೆಂಟು ದಿನದಿಂದ ನೀರಿಲ್ದ ಹೊರಗ ಕುಂತೀವಿ. ಇವ್ನು ಯಾವನೋ ಎರಡು ನಿಮಿಷ ಕುಂತವ್ನ ಸಲುವಾಗಿ ನಮ್ಮ ಹೆಬ್ಬೆಟ್ಟು ಒತ್ಸ್ಯಾನ?”

“ಅಲ್ಲಕ್ಕ, ಮೋಟರಿಂದೂ ಬರದೀನಿ...”

“ಅದೆಲ್ಲೈತಿ?”

“ಅದು... ಪರದೇಶಕ್ಕ ಹೋಗಿರಬೇಕು.”

ಅನ್ನಪೂರ್ಣ ಸಾಲು ಬಿಟ್ಟು ಮುಂದೆ ಬಂದಳು. “ನನ್ನ ಸಹಿನೂ ಹೋಗೈತೇನ್ರಿ?”

“ಮೊದಲನೇದು ನಿಂದೇ ಅಲ್ಲೇನು.”

“ಮದಿವ್ಯಾಗಿ ಹತ್ತೊಂಬತ್ತು ವರ್ಷ ಆತು, ಮಗ್ಗಲದಾಗಿರೋ ಹಂಪಿಗೆ ನನ್ನ ಕರ್ಕಂಡು ಹೋಗಿಲ್ಲ. ನನ್ನ ಸಹಿ ಒಂದೇ ಪರದೇಶ ನೋಡಾಕ ಹೋತು!”

ಇಷ್ಟಾದರೂ ಮೋಟರ್ ಹಾಗೇ ಸುಟ್ಟುಕೊಂಡೇ ಇತ್ತು. ಲಿಂಗರಾಜ್ ಕಡತ ಮುಚ್ಚಲು ಹೊರಟಿದ್ದರು. ಇವರು ಈಗ ಬೈಕು ಹತ್ತಿದರೆ ಮತ್ತೊಂದು ಅರ್ಜಿ, ಮತ್ತೊಂದು ತಿಂಗಳು. ಆಗ ಉಜ್ಜಿನಪ್ಪನೊಳಗೆ ಹದಿನಾರು ವರ್ಷ ಅರ್ಜಿ ಬರೆದ ಮನುಷ್ಯ ಎದ್ದು ನಿಂತ.

“ಸಾಹೇಬ್ರ, ಒಂದು ಮಾತು. ಈ ಕಡತ ನೀವು ಹೆಂಗ ಮುಗಸ್ತೀರಿ?”

ಲಿಂಗರಾಜ್ ಮುಖ ಸಣ್ಣದಾಯಿತು. ಅವರ ರಾತ್ರಿಯ ನಿದ್ದೆ ಹೋಗಿದ್ದೇ ಆ ಪ್ರಶ್ನೆಯಿಂದ. “ಅದೇ ತಿಳಿವಲ್ದು ನೋಡ್ರಿ. ‘ಕ್ರಮ ಕೈಗೊಂಡಿದೆ’ ಅಂತ ಬರಿಯಾಕ ಏನಾರ ಒಂದು ಕ್ರಮ ಬೇಕಲ್ಲ?”

“ಹಂಗಾದ್ರ ಬರ್ಕಳ್ರಿ. ‘ಸ್ಥಳ ಪರಿಶೀಲಿಸಲಾಗಿ ಆಡುವಷ್ಟು ಐಸ್ ಕಂಡುಬಂದಿರುವುದಿಲ್ಲ.’ ಅಳದೀರಿ, ಖರೇ ಐತಿ. ‘ಐಸ್ ಇಲ್ಲದಿರಲು ಕಾರಣ, ನೀರಿಲ್ಲ. ನೀರಿಲ್ಲದಿರಲು ಕಾರಣ, ಮೋಟರ್ ಸುಟ್ಟಿರುತ್ತದೆ. ಸದರಿ ಮೋಟರನ್ನು ಬದಲಿಸಿಕೊಟ್ಟಲ್ಲಿ ಈ ಕಚೇರಿಗೆ ಸಂಬಂಧಿಸಿದಂತೆ ಆಕ್ಷೇಪಣೆಯು ಇತ್ಯರ್ಥವಾಗುತ್ತದೆ.’ ”

ಲಿಂಗರಾಜ್ ಪೆನ್ನು ಅರ್ಧದಲ್ಲಿ ನಿಲ್ಲಿಸಿ ತಲೆಯೆತ್ತಿದರು. ಕಣ್ಣಲ್ಲಿ ನೀರಿತ್ತು. ಓಣಿಯಲ್ಲಿ ಇಪ್ಪತ್ತೆಂಟು ದಿನದ ಮೇಲೆ ಕಂಡ ಮೊದಲ ನೀರು ಅದು. “ಇನ್ನೊಂದು ಸಲ ನಿಧಾನಕ್ಕ ಹೇಳ್ರಿ,” ಎಂದರು.

ಬೈಕು ಹೋದ ಮೇಲೆ ಉಜ್ಜಿನಪ್ಪ ಹಣೆ ಒರೆಸಿಕೊಂಡು, ಯಾರಾದರೂ ಶಹಬ್ಬಾಸ್ ಅನ್ನಬಹುದೆಂದು ಸುತ್ತ ನೋಡಿದ. ನಿಂಗಕ್ಕ ನಲ್ಲಿಯ ಪಕ್ಕದ ಕಲ್ಲುಬಂಡೆ ತೋರಿಸಿದಳು.

“ಕುಂದ್ರು.”

“ಯಾಕಕ್ಕ?”

“ತಪ್ಪು ಮಾಡಿದವ್ನ ಹೊರಗ ಕೂಡಸ್ತಾರ ಅಂತ ನೀನೇ ಬರದೀದಿ. ಹದಿನೈದು ದಿನ. ಬೆಳಿಗ್ಗೆ ಆರರಿಂದ ಎಂಟರತನಕ. ಮೋಟರ್ ಬರೂತನಕ ಖಾಲಿ ಕೊಡ ಕಾಯಿ, ಬಂದಮ್ಯಾಲ ಸಾಲು ಕಾಯಿ. ಜಗಳಾದ್ರ ನೀನೇ ಬಿಡಸಬೇಕು.”

ನಲ್ಲಿಯ ಜಗಳ ಬಿಡಿಸುವುದು ಎಂಥ ಶಿಕ್ಷೆಯೆಂದು ನಲ್ಲಿಯ ಓಣಿಯಲ್ಲಿ ಬೆಳೆದವರಿಗಷ್ಟೇ ಗೊತ್ತು. ಉಜ್ಜಿನಪ್ಪ ಕೂತ. ದಾರಿಯಲ್ಲಿ ಹೋಗುವವರೆಲ್ಲ “ಏನ್ ಉಜ್ಜಿನಪ್ಪ, ಹೊರಗ ಹಾಕ್ಯಾರಂತಲ್ಲ?” ಎಂದು ಕೇಳಿ ಹೋದರು. ಸಂಡೂರಿನಿಂದ ಬಂದಿದ್ದ ಅವನ ಷಡ್ಡಕನಂತೂ ಬೈಕ್ ನಿಲ್ಲಿಸಿ ಫೋಟೋ ತೆಗೆದುಕೊಂಡ.

ಒಂಬತ್ತನೆಯ ದಿನ ಹೊಸ ಮೋಟರ್ ಬಂತು. ನಲ್ಲಿ ಕೆಮ್ಮಿತು, ಸೀನಿತು, ಆಮೇಲೆ ಭೋರೆಂದು ಸುರಿಯಿತು. ಕೇಕೆ, ಚಪ್ಪಾಳೆ, ಕೊಡಗಳ ಸದ್ದು. ಉಜ್ಜಿನಪ್ಪ ಬಂಡೆಯಿಂದ ಎದ್ದ.

“ಗೋಲ್ ಆತಲ್ಲಕ್ಕ! ನಾನಿನ್ನು ಒಳಗ ಬರಬಹುದು.”

“ಎಲ್ಲಿಗೇಳ್ತೀದಿ? ಗೋಲ್ ಆದ್ರೂ ಪೂರಾ ಕುಂದ್ರಬೇಕು. ಹೊಸ ರೂಲು.”

“ಅದು ಇನ್ನಾ ಪ್ರಸ್ತಾವನೆ ಅಕ್ಕ! ಅದಕ್ಕ ನಾನು ಆಕ್ಷೇಪಣೆ ಹಾಕೀನಿ!”

“ನಿನ್ನ ಆಕ್ಷೇಪಣೆ ಅವ್ರಿಗೆ ಎಲ್ಲಿ ಮುಟ್ಟೈತಿ? ಇಲ್ಲೇ ಕಡತದಾಗೈತಿ. ಕುಂದ್ರು.”

ಉಜ್ಜಿನಪ್ಪ ಮತ್ತೆ ಕೂತ. ಜಗತ್ತಿನಲ್ಲಿ ಆ ಹೊಸ ನಿಯಮ ಮೊಟ್ಟಮೊದಲು ಜಾರಿಯಾದದ್ದು ಚಿತ್ತವಾಡ್ಗಿಯ ನಲ್ಲಿಯ ಮುಂದೆ, ಅದನ್ನು ವಿರೋಧಿಸಿದ ಒಬ್ಬನೇ ಮನುಷ್ಯನ ಮೇಲೆ. ಅನ್ನಪೂರ್ಣ ಪೂರ್ತಿ ಲೋಟ ಚಹಾವನ್ನು ಬಂಡೆಯ ಹತ್ತಿರವೇ ತಂದುಕೊಟ್ಟಳು ಎಂಬುದಷ್ಟೇ ಸಮಾಧಾನ.

ಹನ್ನೊಂದನೆಯ ದಿನ, ಯಮನಮ್ಮನ ಹಸಿರು ಕೊಡ ಮುಂದೋ, ಹೊನ್ನೂರುಸ್ವಾಮಿಯ ಡ್ರಮ್ಮು ಮುಂದೋ ಎಂಬ ವಿಚಾರಣೆ ನಡೆಯುತ್ತಿದ್ದಾಗ ಹುಲಿಗೇಶನ ಆಟೋ ಹಾರನ್ ಹೊಡೆಯುತ್ತ ಬಂತು.

“ಮಾವ! ಅಂಗಡಿ ಸೀಲಿನ್ಯಾಗಿರೋ ಇಮೇಲಿಗೆ ಉತ್ತರ ಬಂದೈತಿ! ಮಿಕ್ಕೊ ಸರ್ ಬರದಾರ!”

“ಏನಂತ?”

ಹುಲಿಗೇಶ್ ಫೋನು ನೋಡುತ್ತ ಕನ್ನಡ ಮಾಡಿ ಹೇಳಿದ: “ ‘ನಿಮ್ಮ ಪತ್ರ ನಮ್ಮಾಗ ಯಾರಿಗೂ ಓದಾಕ ಬರ್ಲಿಲ್ಲ. ಸೀಲು ನೋಡಿ, ಇದು ನಾನು ಪ್ರಿಂಟ್ ತಗದ ಅಂಗಡಿ ಅಂತ ನಾನೇ ಗುರುತು ಹಿಡದೆ. ನೂರಾ ಹನ್ನೆರಡು ಮಂದಿ! ಅದ್ರಾಗ ಮೂವತ್ತೇಳು ಮಂದಿ ಬೆರಳಿಗೆ ಮಸಿ ಹಚ್ಕಂಡು ಒತ್ಯಾರ! ಐಸೇ ಬೀಳದ ಊರಿನ್ಯಾಗ ಇಷ್ಟು ಮಂದಿಗೆ ಸಂಕಟ ಆಗೈತಂದ್ರ ನಮ್ಮ ರೂಲಿನ್ಯಾಗೇ ಏನೋ ತಪ್ಪೈತಿ ಅಂತ ಕಮಿಟಿಯವ್ರಿಗೆ ಅನ್ನಿಸೈತಿ. ಯಾವ ರೂಲಿಗಂತ ತಿಳೀಲಿಲ್ಲ, ಅದಕ್ಕ ಹೊರಗ ಕೂಡ್ಸೋದೂ ಸೇರಿ ಎರಡೂ ಹೊಸ ರೂಲು ಒಂದು ವರ್ಷ ಮುಂದಕ್ಕ ಹಾಕೀವಿ. ಸದ್ಯಕ್ಕ ಹಳೇ ರೂಲೇ ನಡೀತದ.’ ”

ಉಜ್ಜಿನಪ್ಪ ಬಂಡೆಯ ಮೇಲೆ ಕೂತಲ್ಲಿಂದಲೇ ನಿಂಗಕ್ಕನ ಕಡೆ ನೋಡಿದ. ಓಣಿಯೆಲ್ಲ ನಿಂಗಕ್ಕನ ಕಡೆ ನೋಡಿತು. ನಲ್ಲಿಯ ನೀರು ಯಮನಮ್ಮನ ಕೊಡ ತುಂಬಿ ಹೊರಗೆ ಹರಿಯುತ್ತಿತ್ತು.

ನಿಂಗಕ್ಕ ಸೆರಗು ಸಿಕ್ಕಿಸಿಕೊಂಡಳು. “ಹಳೇ ರೂಲಂದ್ರ, ಗೋಲ್ ಆದ ಕೂಡ್ಲೇ ಏಳಬಹುದು?”

“ಹೌದತ್ತಿ,” ಎಂದ ಹುಲಿಗೇಶ್.

“ಹಂಗಾದ್ರ ಎರಡು ದಿನ ಜಾಸ್ತಿ ಕುಂತಂಗಾತು. ಏಳಪಾ, ಏಳು. ನಾವೇನು ಅನ್ಯಾಯದ ಮಂದಿ ಅಲ್ಲ.” ಅವಳೇ ಕೈಕೊಟ್ಟು ಎಬ್ಬಿಸಿದಳು. “ಆದ್ರ ಪಾಪ, ಅವ್ರಿಗೆ ನಾವೇನು ಬರದೀವಂತ ತಿಳಿದಿಲ್ಲ. ಕಾಗದ ತಗ, ಉತ್ತರ ಬರಿ.”

ಉಜ್ಜಿನಪ್ಪ ಜೇಬಿನಿಂದ ಹಾಳೆ ತೆಗೆದು, ಬಂಡೆಯನ್ನೇ ಮೇಜು ಮಾಡಿಕೊಂಡು ‘ಮಾನ್ಯರೇ’ ಎಂದು ಶುರು ಮಾಡಿದ. ನಿಂಗಕ್ಕ ಹೇಳಿದಳು:

“ ‘ಮೋಟರ್ ಬಂತು. ನೀರು ಬರಾಕತ್ತೈತಿ. ನೀವು ಎರಡು ನಿಮಿಷಕ್ಕ ಅಷ್ಟ್ಯಾಕ ಬಡದಾಡ್ತೀರಿ, ನಮ್ಮ ಉಜ್ಜಿನಪ್ಪನ್ನ ನಾವು ಹನ್ನೊಂದು ದಿನ ಕೂಡ್ಸಿದ್ವಿ, ಭಾಳ ಸುಧಾರಿಸ್ಯಾನ. ಮುಂದಿನ ಸಲ ಹಂಪಿಗೆ ಬಂದ್ರ ನಮ್ಮ ಓಣಿಗೂ ಬರ್ರಿ, ಹೊನ್ನೂರುಸ್ವಾಮಿ ಐಸ್ ಹಾಕಿ ಕಬ್ಬಿನ ಹಾಲು ಕೊಡ್ತಾನ.’ ಸಾಕು. ಓದಿ ಹೇಳು. ಓದಿದ ಮ್ಯಾಲೇ ಹೆಬ್ಬೆಟ್ಟು.”

ಅವನು ಓದಿದ. ಮೂವತ್ತೇಳು ಹೆಬ್ಬೆಟ್ಟಿನವರೂ ಒಂದೊಂದು ತಿದ್ದುಪಡಿ ಹೇಳಿದರು, ಎಂಟಕ್ಕೆ ಮುಗಿಯಬೇಕಿದ್ದ ಕೆಲಸ ಹತ್ತೂವರೆಗೆ ಮುಗಿಯಿತು. ಕುಂಕುಮ ಹಚ್ಚಿದ್ದೂ ಆಯಿತು. ಅಭ್ಯಾಸಬಲದಿಂದ ಉಜ್ಜಿನಪ್ಪ ಕವರು ಹಿಡಿದು ಕಣ್ಣು ಮುಚ್ಚಿದ.

“ಲೇ!” ಎಂದಿತು ಇಡೀ ಓಣಿ.

ಉಜ್ಜಿನಪ್ಪ ಗಡಬಡಿಸಿ ಕಣ್ಣು ಬಿಟ್ಟ. ಎರಡೂ ಕಣ್ಣು ಅಗಲಿಸಿಕೊಂಡು, ನೂರಾ ಹನ್ನೆರಡು ಜನರ ಸಮಕ್ಷಮದಲ್ಲಿ, ಇದ್ದ ಒಂದೇ ಕಾಗದವನ್ನು ಇದ್ದ ಒಂದೇ ಕವರಿಗೆ ಹಾಕಿದ. ಆದರೂ ಅನ್ನಪೂರ್ಣ ಕವರನ್ನು ಅವನ ಕೈಯಿಂದ ಇಸಿದುಕೊಂಡು, ಒಳಗೆ ಇಣುಕಿ ನೋಡಿಯೇ ಅಂಟಿಸಿದಳು.

“ಪೋಸ್ಟಿಗೆ ನಾನೇ ಹಾಕ್ತೀನಿ,” ಎಂದಳು. “ಹುಲಿಗೇಶಿ, ಆಟೋ ತಿರುಗ್ಸು. ಹಂಪಿ ಪೋಸ್ಟ್ ಆಫೀಸಿಗೆ.”